ಶಸ್ತ್ರವೈದ್ಯ ಪ್ರಾಧ್ಯಾಪಕನಾದ ಬಗೆ

ಆಪರೇಷನ್ ಮಾಡುವುದು, ವಿದ್ಯಾರ್ಥಿಗಳಿಗೆ ಕಲಿಸುವುದು, ಪ್ರಯೋಗಾಲಯದಲ್ಲಿ ಹೊಸದನ್ನು ಹುಡುಕುವುದು, ಈ ಮೂರನ್ನೂ ಒಬ್ಬರೇ ಒಂದೇ ನೌಕರಿಯಾಗಿ ನಡೆಸುವ ಪದ್ಧತಿ ತೀರ ಹಳೆಯದಲ್ಲ. ಯುರೋಪಿನ ಬಹುಭಾಗದಲ್ಲಿ ಶತಮಾನಗಳ ಕಾಲ ಶಸ್ತ್ರಚಿಕಿತ್ಸೆ ಕೈಕಸುಬಾಗಿಯೇ ಇತ್ತು. ಲ್ಯಾಟಿನ್ ಓದಿದ ವೈದ್ಯ ವಿಶ್ವವಿದ್ಯಾಲಯದಿಂದ ಬರುತ್ತಿದ್ದ. ಹುಣ್ಣು ಕೊಯ್ಯುವವನು, ಮೂಳೆ ಕೂಡಿಸುವವನು ಯಾರದೋ ಕೈಕೆಳಗೆ ಪಳಗಿ ಬರುತ್ತಿದ್ದ. ಲಂಡನ್ನಿನಲ್ಲಿ 1540ರಿಂದ 1745ರವರೆಗೆ ಕ್ಷೌರಿಕರಿಗೂ ಶಸ್ತ್ರವೈದ್ಯರಿಗೂ ಇದ್ದದ್ದು ಒಂದೇ ಸಂಘ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿನ ಜಾನ್ ಹಂಟರ್ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದರು, ಸಾವಿರಾರು ಅಂಗಮಾದರಿಗಳನ್ನು ಕೂಡಿಹಾಕಿದರು. ಆದರೆ ಅದೆಲ್ಲ ನಡೆದದ್ದು ಸ್ವಂತ ಮನೆಯಲ್ಲಿ, ಸ್ವಂತ ಖರ್ಚಿನಲ್ಲಿ. ಅಂಥವರಿಗೆ ವಿಶ್ವವಿದ್ಯಾಲಯದಲ್ಲಿ ಆಗ ಜಾಗವಿರಲಿಲ್ಲ.

ಅರಿವಳಿಕೆ ಇಲ್ಲದ ಕಾಲದಲ್ಲಿ ವೇಗವೇ ವಿದ್ಯೆ. ಲಂಡನ್ನಿನ ರಾಬರ್ಟ್ ಲಿಸ್ಟನ್ ಹೆಸರಾದದ್ದು ಕೆಲವೇ ನಿಮಿಷಗಳಲ್ಲಿ ಕಾಲು ಕತ್ತರಿಸಿ ಮುಗಿಸುತ್ತಿದ್ದುದಕ್ಕೆ. 1846ರಲ್ಲಿ ಬಾಸ್ಟನ್ನಿನಲ್ಲಿ ಈಥರ್ ಬಂತು. 1867ರಲ್ಲಿ ಜೋಸೆಫ್ ಲಿಸ್ಟರ್ ನಂಜುನಿರೋಧಕ ವಿಧಾನವನ್ನು ಪ್ರಕಟಿಸಿದರು. ನಿಧಾನವಾಗಿ ಕೆಲಸ ಮಾಡಲು, ಹೊಟ್ಟೆಯನ್ನು ತೆರೆದು ನೋಡಲು, ಮಾಡಿದ್ದನ್ನು ಬರೆದಿಟ್ಟು ತೂಗಿ ನೋಡಲು ಈಗ ಅವಕಾಶ ಸಿಕ್ಕಿತು.

ಆ ಅವಕಾಶವನ್ನು ಎಲ್ಲರಿಗಿಂತ ಚೆನ್ನಾಗಿ ಬಳಸಿಕೊಂಡದ್ದು ಜರ್ಮನ್ ಭಾಷೆಯ ನಾಡುಗಳು. ಅಲ್ಲಿ ಪ್ರಾಧ್ಯಾಪಕನೆಂದರೆ ಸರ್ಕಾರದ ಸಂಬಳದವನು. ವಾರ್ಡು, ಹಾಸಿಗೆ, ಪ್ರಯೋಗಾಲಯ, ಸಹಾಯಕರು ಎಲ್ಲವೂ ಅವನ ಕೈಕೆಳಗೆ. ಬರ್ಲಿನ್ನಿನ ಬರ್ನ್‌ಹಾರ್ಡ್ ಫಾನ್ ಲಾಂಗೆನ್‌ಬೆಕ್ 1860ರಲ್ಲಿ ಶಸ್ತ್ರಚಿಕಿತ್ಸೆಗೆಂದೇ ಒಂದು ಪತ್ರಿಕೆ ಹೊರಡಿಸಿದರು. ಅವರ ಸಹಾಯಕರಾಗಿದ್ದ ಥಿಯೋಡೋರ್ ಬಿಲ್‌ರೋತ್ ಅದೇ ವರ್ಷ ಝೂರಿಕ್‌ನಲ್ಲಿ, 1867ರಲ್ಲಿ ವಿಯೆನ್ನಾದಲ್ಲಿ ಪ್ರಾಧ್ಯಾಪಕರಾದರು. ಝೂರಿಕ್‌ನ ವರ್ಷಗಳ ಫಲಿತಾಂಶವನ್ನು ಸಾವುಗಳನ್ನೂ ಮರೆಮಾಡದೆ ಅಚ್ಚು ಹಾಕಿಸಿದರು. ಸೋಲನ್ನು ಬಚ್ಚಿಡುವುದೇ ರೂಢಿಯಾಗಿದ್ದ ಕಸುಬಿನಲ್ಲಿ ಇದು ಸಣ್ಣ ಧೈರ್ಯವಲ್ಲ. 1881ರ ಜನವರಿಯಲ್ಲಿ ಅವರು ಕ್ಯಾನ್ಸರ್ ತಗುಲಿದ ಜಠರದ ಭಾಗವನ್ನು ತೆಗೆದು, ಉಳಿದುದನ್ನು ಕರುಳಿಗೆ ಹೊಲಿದರು. ರೋಗಿ ಆಪರೇಷನ್ನಿನಿಂದ ಚೇತರಿಸಿಕೊಂಡ ಮೊದಲ ಪ್ರಕರಣ ಅದು. ಅವರ ಶಿಷ್ಯರು ವರ್ಷಗಳ ಮೊದಲೇ ನಾಯಿಗಳ ಮೇಲೆ ಅದನ್ನು ಮಾಡಿ ನೋಡಿದ್ದರು. ಆ ಶಿಷ್ಯರಲ್ಲಿ ಹಲವರು, ಚೆರ್ನಿ ಹೈಡಲ್‌ಬರ್ಗ್‌ನಲ್ಲಿ, ಮಿಕುಲಿಚ್ ಬ್ರೆಸ್ಲಾವ್‌ನಲ್ಲಿ, ತಾವೂ ಪ್ರಾಧ್ಯಾಪಕ ಪೀಠ ಏರಿದರು.

ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ 1872ರಿಂದ ಪ್ರಾಧ್ಯಾಪಕರಾಗಿದ್ದ ಥಿಯೋಡೋರ್ ಕೋಖರ್ ಕಥೆಯಲ್ಲಿ ಇದೇ ಗುಣ ಇನ್ನೊಂದು ಬಗೆಯಲ್ಲಿ ಕಾಣುತ್ತದೆ. ಗಳಗಂಡದ ಆಪರೇಷನ್ನಿನಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆದರೂ ಹಳೆಯ ರೋಗಿಗಳನ್ನು ಮತ್ತೆ ಕರೆಸಿ ಪರೀಕ್ಷಿಸಿದರು. ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆದವರಲ್ಲಿ ಅನೇಕರು ಊದಿಕೊಂಡು ಮಂಕಾಗಿದ್ದರು. 1883ರಲ್ಲಿ ಅದನ್ನು ಸಭೆಯ ಮುಂದೆ ಹೇಳಿದರು, ಗಳಗಂಡಕ್ಕೆ ಗ್ರಂಥಿಯನ್ನು ಪೂರ್ತಿ ಕಿತ್ತುಹಾಕುವುದನ್ನು ಬಿಟ್ಟರು. ಥೈರಾಯ್ಡ್ ಕುರಿತ ಈ ಕೆಲಸಕ್ಕೆ 1909ರ ನೊಬೆಲ್ ಬಂತು.

ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 1878ರಿಂದ 1880ರವರೆಗೆ ಯುರೋಪಿನ ಇಂಥ ಪ್ರಾಧ್ಯಾಪಕರ ಕ್ಲಿನಿಕ್ಕುಗಳನ್ನು ಸುತ್ತಿ ನೋಡಿದರು. ನ್ಯೂಯಾರ್ಕಿಗೆ ಮರಳಿ ಹೆಸರು ಮಾಡುತ್ತಿದ್ದಾಗ, 1884ರಲ್ಲಿ, ಕೊಕೇನ್ ಚುಚ್ಚಿ ನರವನ್ನು ಮರಗಟ್ಟಿಸುವ ಪ್ರಯೋಗವನ್ನು ಸ್ವಂತ ಮೈಮೇಲೂ ಮಾಡಿಕೊಂಡು ಅದರ ದಾಸರಾದರು. ಆಸ್ಪತ್ರೆ ಸೇರಿದರು, ಮುಂದೆ ಮಾರ್ಫಿನ್ ಅಂಟಿಕೊಂಡಿತು. 1886ರಲ್ಲಿ ಗೆಳೆಯ ವಿಲಿಯಂ ವೆಲ್ಚ್ ಅವರನ್ನು ಬಾಲ್ಟಿಮೋರ್‌ನ ತಮ್ಮ ಪ್ರಯೋಗಾಲಯಕ್ಕೆ ಕರೆಸಿಕೊಂಡರು. ಅಲ್ಲಿ ನಾಯಿಗಳ ಕರುಳನ್ನು ಕತ್ತರಿಸಿ ಹೊಲಿಯುತ್ತ ಹಾಲ್‌ಸ್ಟೆಡ್ ಒಂದು ಸಂಗತಿ ಕಂಡುಕೊಂಡರು: ಕರುಳಿನ ಒಳಪೊರೆಯ ಕೆಳಗಿರುವ ತೆಳುವಾದ, ಗಟ್ಟಿ ನಾರಿನ ಪದರವನ್ನು ಸೂಜಿ ಹಿಡಿದರೆ ಮಾತ್ರ ಹೊಲಿಗೆ ನಿಲ್ಲುತ್ತದೆ. 1887ರಲ್ಲಿ ಪ್ರಕಟವಾದ ಈ ಮಾತು ಇಂದಿಗೂ ಆಪರೇಷನ್ ಥಿಯೇಟರಿನಲ್ಲಿ ಪಾಠವಾಗಿಯೇ ಉಳಿದಿದೆ.

1889ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ ತೆರೆಯಿತು. ಥಿಯೇಟರಿನ ಮುಖ್ಯ ನರ್ಸ್ ಕ್ಯಾರೋಲಿನ್ ಹ್ಯಾಂಪ್ಟನ್ ಅವರ ಕೈಗಳಿಗೆ ಪಾದರಸದ ನಂಜುನಿರೋಧಕ ದ್ರಾವಣದಿಂದ ಗಂಧೆ ಎದ್ದಾಗ ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ತೆಳು ಕೈಗವಸು ಮಾಡಿಸಿಕೊಟ್ಟರು. 1890ರಲ್ಲಿ ಇಬ್ಬರಿಗೂ ಮದುವೆಯಾಯಿತು. ಗವಸು ರೋಗಿಯನ್ನು ಕಾಯುತ್ತದೆಂಬುದು ಆಗ ಯಾರ ತಲೆಗೂ ಹೊಳೆದಿರಲಿಲ್ಲ. ಎಲ್ಲ ಆಪರೇಷನ್ನುಗಳಲ್ಲೂ ಅದನ್ನು ತೊಟ್ಟು, ಹರ್ನಿಯಾ ರೋಗಿಗಳಲ್ಲಿ ನಂಜು ಇಳಿದುದನ್ನು 1899ರಲ್ಲಿ ಲೆಕ್ಕ ಸಮೇತ ತೋರಿಸಿದವರು ಅವರ ಶಿಷ್ಯ ಜೋಸೆಫ್ ಬ್ಲಡ್‌ಗುಡ್.

ಹಾಲ್‌ಸ್ಟೆಡ್ ಕಟ್ಟಿದ ತರಬೇತಿಯ ಏಣಿ ಗೋಪುರದಂತೆ ಮೇಲೆ ಹೋದಷ್ಟೂ ಕಿರಿದು. ಕೆಳಗೆ ಇಂಟರ್ನ್‌ಗಳು, ನಡುವೆ ಸಹಾಯಕರು, ತುದಿಯಲ್ಲಿ ಒಬ್ಬನೇ ರೆಸಿಡೆಂಟ್. ಆಸ್ಪತ್ರೆಯಲ್ಲೇ ವಾಸ, ಸಂಬಳ ಹೆಸರಿಗೆ, ಮುಗಿಯುವ ದಿನ ಗೊತ್ತಿಲ್ಲ. 1904ರಲ್ಲಿ ಯೇಲ್‌ನಲ್ಲಿ ಮಾಡಿದ ಭಾಷಣದಲ್ಲಿ ಅವರೇ ಕೊಟ್ಟ ಲೆಕ್ಕ: ಸಹಾಯಕನಾಗಿ ಸುಮಾರು ಆರು ವರ್ಷ, ತುದಿಯಲ್ಲಿ ಎರಡು ವರ್ಷ. ಬರೀ ಶಸ್ತ್ರವೈದ್ಯರಲ್ಲ, ಶಸ್ತ್ರವೈದ್ಯರನ್ನು ತಯಾರಿಸುವವರು ಬೇಕೆಂಬುದು ಅವರ ಗುರಿ. 1905ರಲ್ಲಿ ಶುರುವಾದ ಪ್ರಾಣಿಪ್ರಯೋಗಾಲಯಕ್ಕೆ ಜಾನ್ ಹಂಟರ್ ಹೆಸರನ್ನು ಇಡಲಾಯಿತು. ಈ ವಿಭಾಗದಿಂದಲೇ ಹಾರ್ವಿ ಕುಶಿಂಗ್ ಮತ್ತು ವಾಲ್ಟರ್ ಡ್ಯಾಂಡಿ ಮಿದುಳಿನ, ಹ್ಯೂ ಯಂಗ್ ಮೂತ್ರಾಂಗಗಳ ಶಸ್ತ್ರಚಿಕಿತ್ಸೆಗೆ ಹೊಸ ರೂಪ ಕೊಟ್ಟರು. ಆದರೆ ಹಾಲ್‌ಸ್ಟೆಡ್ ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ತುದಿ ಮುಟ್ಟಿಸಿದ್ದು 17 ಮಂದಿಯನ್ನು. ಅರ್ಧ ದಾರಿಯಲ್ಲಿ ಇಳಿದವರ ಸಂಖ್ಯೆಯೇ ದೊಡ್ಡದು. 1930ರ ದಶಕದ ಕೊನೆಗೆ ಬಾಸ್ಟನ್ನಿನ ಎಡ್ವರ್ಡ್ ಚರ್ಚಿಲ್, ಸೇರಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಪೂರ್ತಿ ತರಬೇತಿ ಕೊಡುವ ಕ್ರಮವನ್ನು ಮುಂದಿಟ್ಟರು. ಮುಂದೆ ನಿಂತದ್ದು ಅದೇ.

ಏಣಿಯ ಹೊರಗೆ ನಿಂತು ದುಡಿದವರೂ ಇದ್ದರು. ಹಾಪ್‌ಕಿನ್ಸ್‌ನಲ್ಲಿ 1944ರ ನವೆಂಬರಿನಲ್ಲಿ ಆಲ್‌ಫ್ರೆಡ್ ಬ್ಲಾಲಾಕ್, ಮೈ ನೀಲಿಗಟ್ಟುವ 'ನೀಲಿ ಮಗು'ವಿನ ಹೃದಯದೋಷಕ್ಕೆ ಮೊದಲ ಆಪರೇಷನ್ ಮಾಡಿದಾಗ ಬೆನ್ನ ಹಿಂದೆ ಮಣೆಯ ಮೇಲೆ ನಿಂತು ಹೇಳಿಕೊಟ್ಟವರು ವಿವಿಯನ್ ಥಾಮಸ್. ನಾಯಿಗಳ ಮೇಲೆ ಅದನ್ನು ಪಳಗಿಸಿದವರೂ ಅವರೇ. ಕಪ್ಪು ಜನಾಂಗದ ಈ ತಂತ್ರಜ್ಞನಿಗೆ ಕಾಲೇಜಿನ ಪದವಿ ಇರಲಿಲ್ಲ. ಸಂಸ್ಥೆ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ.

ಗುರುಪರಂಪರೆಯ ಕೇಡು ಸ್ತನ ಕ್ಯಾನ್ಸರಿನಲ್ಲಿ ಎದ್ದು ಕಂಡಿತು. ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುವ ಹಾಲ್‌ಸ್ಟೆಡ್ ವಿಧಾನ 1894ರಿಂದ ಮುಕ್ಕಾಲು ಶತಮಾನ ಶಿಷ್ಯರಿಂದ ಶಿಷ್ಯರಿಗೆ ನಡೆದುಬಂತು. ದೊಡ್ಡವರು ಹೇಳಿದ್ದನ್ನು ಪ್ರಶ್ನಿಸಿದವರು ಕಡಿಮೆ. ಪಿಟ್ಸ್‌ಬರ್ಗ್‌ನ ಪ್ರಾಧ್ಯಾಪಕ ಬರ್ನಾರ್ಡ್ ಫಿಶರ್ 1971ರಲ್ಲಿ 1,600ಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ, ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದ ರೀತಿಯಲ್ಲಿ ನಿರ್ಧರಿಸುವ ಪರೀಕ್ಷೆ ಆರಂಭಿಸಿದರು. ಸ್ನಾಯು ತೆಗೆದು ಹಾಕಿದರೆ ಆಯುಸ್ಸು ಹೆಚ್ಚುವುದಿಲ್ಲವೆಂದು ಅದು ತೋರಿಸಿತು; 2002ರಲ್ಲಿ ಪ್ರಕಟವಾದ 25 ವರ್ಷಗಳ ಫಲಿತಾಂಶವೂ ಅದನ್ನೇ ಹೇಳಿತು. ಪೀಠ ಮಾಡಿದ ತಪ್ಪನ್ನು ತಿದ್ದಲು ಪೀಠದಲ್ಲಿ ಕೂತವರೇ ಬೇಕಾಯಿತು.

ಭಾರತದಲ್ಲಿ ಬಹುಕಾಲ ಮಹತ್ವಾಕಾಂಕ್ಷಿಗಳ ದಾರಿ ಬ್ರಿಟನ್ನಿನ ಶಸ್ತ್ರವೈದ್ಯ ಫೆಲೋಶಿಪ್ ಆದ ಎಫ್‌ಆರ್‌ಸಿಎಸ್. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಹೋದ ವೈದ್ಯಕೀಯ ಕಾಲೇಜಿನಂಥ ಸಂಸ್ಥೆಗಳು ಬೆಳೆದಂತೆ ಇಲ್ಲೇ ಏಣಿ ಸಿದ್ಧವಾಯಿತು. ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ಪದವಿ ಎಂಎಸ್‌ಗೆ ಪ್ರಬಂಧ ಸಹಿತ ಮೂರು ವರ್ಷ, ಬೇಕೆಂದರೆ ಅದರ ಮೇಲಿನ ಎಂಸಿಎಚ್‌ಗೆ ಇನ್ನೂ ಮೂರು. ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಲು ಆಪರೇಷನ್ ಅನುಭವದ ಜೊತೆ ಪ್ರಕಟಿತ ಲೇಖನಗಳನ್ನೂ ತೋರಿಸಬೇಕು.