ಚಿಂದಿಯಿಂದ ಕೌದಿಯವರೆಗೆ: ಮಕ್ಕಳ ಕೈಗೆ ಸೂಜಿ-ದಾರ

ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ ಕಪಿಲಾ ನದಿಯ ದಂಡೆಯಲ್ಲಿರುವ ಹೋಬಳಿ ಕೇಂದ್ರ. ನಾಲೆಯ ನೀರಿನಿಂದ ಭತ್ತ ಬೆಳೆಯುವ ಊರಾದರೂ ಅದರ ಸುತ್ತಲಿನ ಸೀಮೆಗೆ ಬಟ್ಟೆಯೊಂದಿಗೆ ಹಳೆಯ ನಂಟಿದೆ. ಇದೇ ತಾಲ್ಲೂಕಿನ ಬದನವಾಳು ಖಾದಿ ಚಳವಳಿಯ ದಿನಗಳಿಂದ ನೂಲುವ ಕೇಂದ್ರವೆಂದು ಹೆಸರಾದ ಗ್ರಾಮ. ರಂಗಕರ್ಮಿ ಪ್ರಸನ್ನ ಅವರು 2015ರಲ್ಲಿ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಸಿದ್ದೂ ಅಲ್ಲಿಯೇ. ನೆರೆಯ ಟಿ. ನರಸೀಪುರದಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆಯಿದೆ. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾದದ್ದು 1912ರಲ್ಲಿ. ಆದರೆ ಈ ಸೀಮೆಯಲ್ಲಿಯೂ ರಾಜ್ಯದ ಬೇರೆ ನಗರಗಳಲ್ಲಿಯೂ ಮಕ್ಕಳ ‘ಕರಕುಶಲ’ ಎಂಬುದು ಅಂಗಡಿಯಿಂದ ತಂದ ಪ್ಲಾಸ್ಟಿಕ್ ಪೊಟ್ಟಣದೊಳಗೆ ಸೇರಿಕೊಂಡಿದೆ. ದರ್ಜಿಯ ಅಂಗಡಿಯ ಮೂಲೆಯಲ್ಲಿ ಬಿದ್ದಿರುವ ಚಿಂದಿ ಕಸದ ಗಾಡಿಯನ್ನು ಸೇರುತ್ತದೆ.

ಪುಟ್ಟ ಮಕ್ಕಳಿಗೆ ಹೊಲಿಗೆ ಕಲಿಸಲು ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ಸುತ್ತುವುದು, ಪೋಣಿಸುವುದು, ನೇರವಾಗಿ ಹೊಲಿಯುವುದು ಎಂಬ ಕ್ರಮ ಕನ್ನಡನಾಡಿನ ಮನೆವಾರ್ತೆಯಲ್ಲಿ ಮೊದಲಿನಿಂದಲೂ ಇದೆ. ಗೊಂಬೆಗೆ ಸೀರೆ ಉಡಿಸುವಲ್ಲಿ ಅದು ಮೊದಲಾಗಿ ಕೌದಿಯಲ್ಲಿ ಮುಗಿಯುತ್ತದೆ.

ಪಟ್ಟದ ಗೊಂಬೆಯ ಸೀರೆ

ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ಪದ್ಧತಿಯಿದೆ. ಮೇಲಿನ ಮೆಟ್ಟಿಲಲ್ಲಿ ಕೂರುವ ರಾಜ-ರಾಣಿಯರ ಮರದ ಜೋಡಿಯೇ ಪಟ್ಟದ ಗೊಂಬೆ. ಮದುವೆಯ ಹೊತ್ತಿಗೆ ಮಗಳಿಗೆ ತವರಿನಿಂದ ಈ ಜೋಡಿಯನ್ನು ಕೊಡುವ ವಾಡಿಕೆಯೂ ಉಂಟು. ಪ್ರತಿ ವರ್ಷ ಹಳೆಯ ಉಡುಗೆ ಕಳಚಿ ಹೊಸತನ್ನು ಉಡಿಸುವ ಮನೆಗಳಲ್ಲಿ ಈ ಕೆಲಸಕ್ಕೆ ಬರುವುದು ರೇಷ್ಮೆಯ ತುಂಡು, ರವಿಕೆ ಹೊಲಿದು ಉಳಿದ ಬಟ್ಟೆ, ಸವೆದ ಸೀರೆಯ ಅಂಚು.

ಮೂರು-ನಾಲ್ಕು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಆರಂಭ ಸಿಗುವುದು ಕಷ್ಟ. ಸೂಜಿಯ ಅಗತ್ಯವೇ ಇಲ್ಲದೆ, ಒಂದು ಚೌಕ ತುಂಡನ್ನು ಪಂಚೆಯಾಗಿ ಸುತ್ತಬಹುದು, ಉದ್ದನೆಯ ಪಟ್ಟಿಯನ್ನು ನೆರಿಗೆ ಹಿಡಿದು ಸೀರೆಯಾಗಿ ಉಡಿಸಬಹುದು, ಸೊಂಟಕ್ಕೆ ದಾರ ಕಟ್ಟಿ ನಿಲ್ಲಿಸಬಹುದು. ಬಟ್ಟೆಯನ್ನು ಉದ್ದಕ್ಕೆ ಎಳೆದರೆ ಬಿಗಿಯುತ್ತದೆ, ಓರೆಯಾಗಿ ಎಳೆದರೆ ಜಗ್ಗುತ್ತದೆ ಎಂಬುದನ್ನು ಮಗುವಿನ ಬೆರಳು ತಾನೇ ಅರಿಯುತ್ತದೆ. ಮುಂದೆ ಕತ್ತರಿ ಹಿಡಿಯುವಾಗ ಈ ತಿಳಿವಳಿಕೆ ಕೆಲಸಕ್ಕೆ ಬರುತ್ತದೆ.

ಹಳೆಯ ರೇಷ್ಮೆ ಸೀರೆಯ ಅಂಚನ್ನು ಕತ್ತರಿಸುವ ಮುನ್ನ ಹಿರಿಯರನ್ನು ಒಂದು ಮಾತು ಕೇಳುವುದು ಒಳಿತು. ಅಸಲಿ ಜರಿ ಎಂದರೆ ಚಿನ್ನದ ಲೇಪವಿರುವ ಬೆಳ್ಳಿಯ ಎಳೆ. ಅದಕ್ಕೆ ತೂಕದ ಮೇಲೆ ಬೆಲೆ ಬರುತ್ತದೆ. ಗೊಂಬೆಯ ಸೆರಗಿಗೆ ಥಳಕಿನ ನಕಲಿ ಜರಿ ಸಾಕು.

ಬಟ್ಟೆಯ ಆಯ್ಕೆ

ಮಕ್ಕಳು ಹೊಲಿಗೆಯಲ್ಲಿ ಬೇಸರಗೊಳ್ಳುವುದಕ್ಕೆ ಬಹುಪಾಲು ಕಾರಣ ತಪ್ಪು ಬಟ್ಟೆ. ಹೊಳೆಯುವ ಸ್ಯಾಟಿನ್, ಜಾರ್ಜೆಟ್, ಪಾಲಿಯೆಸ್ಟರ್ ತುಂಡುಗಳು ಕಣ್ಣಿಗೆ ಚೆಂದ. ಆದರೆ ಅವು ಕೈಯಿಂದ ಜಾರುತ್ತವೆ, ಅಂಚಿನಲ್ಲಿ ಎಳೆ ಬಿಡುತ್ತವೆ. ಹಲವು ಬಾರಿ ಒಗೆದು ಮೆತ್ತಗಾದ ಹತ್ತಿಯ ಲುಂಗಿ, ಪಂಚೆ, ನೂಲಿನ ಸೀರೆ, ದಿಂಬಿನ ಚೀಲ ಇವೇ ಯೋಗ್ಯವಾದವು. ಮಡಿಸಿ ಉಗುರಿನಿಂದ ತೀಡಿದರೆ ಹತ್ತಿಯ ಮೇಲೆ ಗೆರೆ ನಿಲ್ಲುತ್ತದೆ. ಆ ಗೆರೆಯೇ ಮಗುವಿಗೆ ಹೊಲಿಗೆಯ ದಾರಿ. ಹೊಸ ಹತ್ತಿ ಬಟ್ಟೆ ಒಗೆದಾಗ ಕುಗ್ಗುತ್ತದೆ, ಬಣ್ಣವನ್ನೂ ಬಿಡಬಹುದು. ಆದ್ದರಿಂದ ದರ್ಜಿಯಿಂದ ತಂದ ಹೊಸ ತುಂಡುಗಳನ್ನು ಮೊದಲು ಒಗೆದು ಒಣಗಿಸಬೇಕು.

ಹತ್ತಿಯೋ ಅಲ್ಲವೋ ಎಂಬ ಸಂದೇಹ ಬಂದರೆ ಹಿರಿಯರು, ಮಕ್ಕಳನ್ನು ದೂರವಿರಿಸಿ, ಒಂದೆರಡು ಎಳೆಗಳನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಬಹುದು. ಹತ್ತಿ ಕಾಗದ ಸುಟ್ಟ ವಾಸನೆ ಬೀರಿ ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಗು ಪ್ರೀತಿಯಿಂದ ಹೊಲಿದುಕೊಟ್ಟ ಮಸಿಬಟ್ಟೆ ಪಾಲಿಯೆಸ್ಟರಿನದಾಗಿದ್ದರೆ ಬಿಸಿ ಪಾತ್ರೆಗೆ ತಾಗಿ ಕರಗಿ ಕೈಗೆ ಅಂಟಿಕೊಳ್ಳುವ ಅಪಾಯವಿದೆ. ಅಡುಗೆಮನೆಗೆ ಹೋಗುವ ವಸ್ತು ಅಪ್ಪಟ ಹತ್ತಿಯದೇ ಆಗಿರಬೇಕು, ದಾರವೂ ಸೇರಿದಂತೆ.

ಪೋಣಿಸುವುದು, ಬಳಿಕ ಹೊಲಿಗೆ

ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದ ನಾಲ್ಕರ ಹರೆಯಕ್ಕೆ ಒಳ್ಳೆಯ ಸಾಮಗ್ರಿ. ಅದರ ಅಂಚಿನುದ್ದಕ್ಕೂ ರಂಧ್ರ ಮಾಡಿ ಶೂ ಲೇಸನ್ನು ಮೇಲೆ-ಕೆಳಗೆ ಹಾಯಿಸಲು ಕೊಟ್ಟರೆ ಹೊಲಿಗೆಯ ತತ್ವ ತಿಳಿದಂತೆಯೇ. ಐದರ ಸುಮಾರಿಗೆ ಗೋಣಿಚೀಲದ ತುಂಡು ಮತ್ತು ತುದಿ ಮೊಂಡಾದ ದಪ್ಪ ಸೂಜಿ. ಗೋಣಿಯ ನೇಯ್ಗೆ ಬಿಡಿಬಿಡಿಯಾಗಿರುವುದರಿಂದ ಸೂಜಿಯನ್ನು ಬಲ ಹಾಕಿ ಚುಚ್ಚಬೇಕಿಲ್ಲ. ಮೂಟೆ ಹೊಲಿಯುವ ದಬ್ಬಣ ಮಕ್ಕಳಿಗೆ ಸಲ್ಲದು, ಅದರ ತುದಿ ಚೂಪಾಗಿರುತ್ತದೆ. ಕೃಷಿಕರ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಅಕ್ಕಿ, ರಾಗಿ ತುಂಬಿದ್ದ ಚೀಲವನ್ನು ಚೆನ್ನಾಗಿ ಒಗೆದು ಬಳಸಬಹುದು. ಗೊಬ್ಬರ, ಕೀಟನಾಶಕ ಅಥವಾ ಔಷಧ ಬೆರೆಸಿದ ಬಿತ್ತನೆ ಬೀಜವಿದ್ದ ಚೀಲವನ್ನು ಎಷ್ಟೇ ಒಗೆದರೂ ಮಕ್ಕಳ ಕೈಗೆ ಕೊಡಕೂಡದು.

ಚೂಪು ಸೂಜಿಗೆ ಸಾಮಾನ್ಯವಾಗಿ ಆರು-ಏಳು ವರ್ಷವಾಗಬೇಕು. ವಯಸ್ಸಿಗಿಂತಲೂ ಮಗು ಕುಳಿತಲ್ಲಿ ಹದಿನೈದು ನಿಮಿಷ ಕೂರಬಲ್ಲುದೇ ಎಂಬುದೇ ಮುಖ್ಯ. ದಾರದ ಉದ್ದಕ್ಕೆ ಮಗುವಿನದೇ ಮೊಳದ ಅಳತೆ. ಅದರ ಎರಡರಷ್ಟು ದಾರ ತೆಗೆದು, ಜೋಡಿಸಿ ಗಂಟು ಹಾಕಿದರೆ ಒಂದು ಮೊಳ ಉಳಿಯುತ್ತದೆ, ಸೂಜಿಯಿಂದ ದಾರ ಜಾರುವುದೂ ಇಲ್ಲ. ಇದಕ್ಕಿಂತ ಉದ್ದವಾದರೆ ಗೋಜಲು ಖಚಿತ.

ಸೂಜಿಗಳನ್ನು ಎಣಿಸಿ ಕೊಟ್ಟು ಎಣಿಸಿ ಪಡೆಯುವುದು ಕಡ್ಡಾಯ. ಒಂದು ಕಡಿಮೆಯಾದರೆ ಅಯಸ್ಕಾಂತದಿಂದ ಚಾಪೆಯನ್ನೆಲ್ಲ ಹುಡುಕದೆ ಯಾರೂ ಏಳಬಾರದು. ಬೆರಳಿಗೆ ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆದರೆ ಸಾಕು, ಧನುರ್ವಾಯು ಲಸಿಕೆ ವಯಸ್ಸಿಗೆ ತಕ್ಕಂತೆ ಆಗಿದೆಯೇ ಎಂದು ನೋಡಿಕೊಳ್ಳಬೇಕು. ಸೂಜಿ ಮುರಿದು ತುದಿ ಒಳಗುಳಿದ ಅನುಮಾನವಿದ್ದರೆ ಮನೆಯಲ್ಲಿ ಕೆದಕದೆ ವೈದ್ಯರಲ್ಲಿಗೆ ಹೋಗಬೇಕು.

ಮನೆಯಲ್ಲಿ ತಮ್ಮ-ತಂಗಿಯರಿದ್ದರೆ ಸೂಜಿಗಿಂತ ದೊಡ್ಡ ಅಪಾಯ ಗುಂಡಿಗಳದು. ಬಟ್ಟೆಗೊಂಬೆಗೆ ಕಣ್ಣಾಗಿ ಹೊಲಿದ ಅಂಗಿಯ ಗುಂಡಿ, ಒಳಗೆ ತುಂಬಿದ ಹುರುಳಿ, ಹುಣಸೆ ಬೀಜ ಮೂರು ವರ್ಷದೊಳಗಿನ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಲ್ಲವು. ಅಂಗಡಿಯ ಆಟಿಕೆಗಳಿಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಮನೆಯಲ್ಲಿ ಹೊಲಿದ ಗೊಂಬೆಯನ್ನು ಪರೀಕ್ಷಿಸುವವರು ತಾಯ್ತಂದೆಯರೇ. ಕಣ್ಣನ್ನು ಕಪ್ಪು ದಾರದಲ್ಲಿ ಹೊಲಿದು, ಒಳಗೆ ಸಣ್ಣಗೆ ಕತ್ತರಿಸಿದ ಚಿಂದಿಯನ್ನೇ ತುಂಬಿದರೆ ಈ ಚಿಂತೆಯಿಲ್ಲ. ದೊಡ್ಡ ಮಕ್ಕಳು ಎಸೆದು ಆಡುವ ಹುರುಳಿ ಚೀಲಕ್ಕೆ ಕಾಳನ್ನು ಚೆನ್ನಾಗಿ ಒಣಗಿಸಿಯೇ ತುಂಬಬೇಕು, ಇಲ್ಲದಿದ್ದರೆ ಹುಳು ಬೀಳುತ್ತದೆ.

ಕೌದಿಯ ಪಾಠ

ಹಳೆ ಮೈಸೂರು ಭಾಗದಲ್ಲಿ ಹೊದೆಯಲು ಕಂಬಳಿಯೇ ಹೆಚ್ಚು ಪರಿಚಿತ. ಕೌದಿಯ ನೆಲೆ ಉತ್ತರ ಕರ್ನಾಟಕ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂರಿಸಿ, ಎಲ್ಲವನ್ನೂ ಒಂದಾಗಿಸಿ ಸಾಲು ಸಾಲಾಗಿ ಹೊಲಿದರೆ ಕೌದಿ. ಇದಕ್ಕೆ ಬೇಕಾದುದು ಒಂದೇ ಹೊಲಿಗೆ: ಸೂಜಿ ಮೇಲೆ ಬಂದು ಕೆಳಗೆ ಇಳಿಯುತ್ತ ಮುಂದೆ ಸಾಗುವ ನೇರ ಹೊಲಿಗೆ. ಧಾರವಾಡ ಸೀಮೆಯ ಕಸೂತಿಯ ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಮೊದಲ ಮೂರಕ್ಕೂ ಇದೇ ನಡೆ ಬುನಾದಿ. ಹೀಗಾಗಿ ಹೂವು-ಎಲೆಯ ಕಸೂತಿ ಚೌಕಟ್ಟನ್ನು ಮೊದಲೇ ಕೊಟ್ಟು ಮಗುವನ್ನು ಕಂಗೆಡಿಸುವುದಕ್ಕಿಂತ ನೇರ ಹೊಲಿಗೆಯಲ್ಲಿ ಕೈ ಪಳಗಿಸುವುದೇ ಮೇಲು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ನೆಲೆಸಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರ ಕೌದಿ ಇನ್ನಷ್ಟು ಪಾಠ ಹೇಳುತ್ತದೆ. ಅವರು ‘ಕವಂದಿ’ ಎಂದು ಕರೆಯುವ ಇದನ್ನು ಮೊದಲೇ ನಕ್ಷೆ ಬರೆದು ಹೊಲಿಯುವುದಿಲ್ಲ. ಅಡಿಯಲ್ಲಿ ಸೀರೆ ಹಾಸಿ, ಒಂದು ಮೂಲೆಯಿಂದ ಆರಂಭಿಸಿ, ಅಂಚಿನುದ್ದಕ್ಕೂ ತುಂಡು ಇಡುತ್ತ ಹೊಲಿಯುತ್ತ ಸುತ್ತು ಬರುತ್ತಾರೆ. ಸುತ್ತು ಸುತ್ತಾಗಿ ಒಳಸರಿಯುವ ಹೊಲಿಗೆ ನಡುವಿಗೆ ಬಂದಾಗ ಕೌದಿ ಮುಗಿಯುತ್ತದೆ. ನಾಲ್ಕೂ ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಹೊಲಿಯುವ ‘ಫುಲಾ’, ಅಂದರೆ ಹೂವು, ಇರಲೇಬೇಕು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಈ ಕೌದಿಗಳ ಅಧ್ಯಯನ ನಡೆಸಿದ ಬಳಿಕ ಇವು ವಿದೇಶಗಳ ಕಲಾ ಪ್ರದರ್ಶನಗಳನ್ನೂ ಕಂಡಿವೆ.

ಅಳತೆಗೆ ತಕ್ಕಂತೆ ತುಂಡು ಕತ್ತರಿಸಿ ಜೋಡಿಸುವ ಪಾಶ್ಚಾತ್ಯ ಕ್ರಮ ಮಕ್ಕಳಿಗೆ ಕಷ್ಟ. ಒಂದು ತುಂಡು ತಪ್ಪಿದರೆ ಇಡೀ ಚೌಕ ಕೆಡುತ್ತದೆ. ಸಿದ್ದಿಯರ ಕ್ರಮದಲ್ಲಿ ಹಾಗಿಲ್ಲ. ತುಂಡು ಚಿಕ್ಕದಾದರೆ ಪಕ್ಕದಲ್ಲಿ ಇನ್ನೊಂದನ್ನು ಇಟ್ಟರಾಯಿತು. ಏಳು-ಎಂಟು ವರ್ಷದ ಮಗುವಿಗೆ ಒಂದು ಅಡಿ ಚೌಕದ ಕೌದಿ ಸಾಕು, ಗೊಂಬೆಯ ಹಾಸಿಗೆಗೋ ಕೂರುವ ಮಣೆಯ ಮೇಲಕ್ಕೋ ಆಗುತ್ತದೆ. ಪದರಗಳು ಮೂರಕ್ಕಿಂತ ಹೆಚ್ಚಾದರೆ ಪುಟ್ಟ ಬೆರಳಿಗೆ ಸೂಜಿ ಎಳೆಯಲಾಗದು. ಮೊದಲು ಹಿರಿಯರು ಪದರಗಳು ಕದಲದಂತೆ ಅಲ್ಲಲ್ಲಿ ಕಚ್ಚಾ ಹೊಲಿಗೆ ಹಾಕಿಕೊಡಬೇಕು. ದಿನಕ್ಕೆ ಎರಡು ಸಾಲಿನಂತೆ ಹೊಲಿದರೆ ಬೇಸಿಗೆ ರಜೆಯಲ್ಲಿ ಆರಾಮವಾಗಿ ಮುಗಿಯುತ್ತದೆ. ಸಾಲು ಡೊಂಕಾದರೆ ಬಿಚ್ಚಿಸುವ ಉತ್ಸಾಹ ತೋರಬಾರದು. ದಾರ ಸಡಿಲವಾಗಿ ಕಾಲ್ಬೆರಳು ಸಿಕ್ಕಿಕೊಳ್ಳುವಂತಿದ್ದರೆ ಮಾತ್ರ ಬಿಚ್ಚಿ ಹೊಲಿಸಬೇಕು.

ಹೆಣ್ಣುಮಕ್ಕಳಿಗೆ ಮಾತ್ರವೇ?

ಊರೂರಿನ ದರ್ಜಿಗಳಲ್ಲಿ ಗಂಡಸರೇ ಬಹುಮಂದಿ. ಆದರೂ ಮನೆಯೊಳಗಿನ ಹೊಲಿಗೆ ಹೆಣ್ಣುಮಕ್ಕಳ ಪಾಲಿನದು ಎಂಬ ಭಾವನೆ ಹೋಗಿಲ್ಲ. ಶಾಲೆಗಳ ಹೊಲಿಗೆ ತರಗತಿಗಳೂ ಬಹುಕಾಲ ಹುಡುಗಿಯರಿಗೇ ಮೀಸಲಾಗಿದ್ದವು. ಕೂಲಿಗಾದರೆ ಪುರುಷರ ಕಸುಬು, ಕೂಲಿಯಿಲ್ಲದಿದ್ದರೆ ಸ್ತ್ರೀಯರ ಗುಣ ಎನ್ನುವ ಈ ಲೆಕ್ಕ ವಿಚಿತ್ರವಾದುದು. ಕಿತ್ತುಹೋದ ಗುಂಡಿ ಹಾಕಿಕೊಳ್ಳಲು ಹಾಸ್ಟೆಲಿನಲ್ಲಿ ಪರದಾಡುವ ಹುಡುಗನಿಗೆ ಏಳನೆಯ ವಯಸ್ಸಿನಲ್ಲಿಯೇ ಸೂಜಿ ಹಿಡಿಸಬಹುದಿತ್ತು. ನಾಲ್ಕು ರಂಧ್ರದ ದೊಡ್ಡ ಕೋಟಿನ ಗುಂಡಿಯೊಂದನ್ನು ಗಟ್ಟಿ ಹತ್ತಿ ಬಟ್ಟೆಗೆ ಹಾಕಿಸುವುದು ಈ ವಯಸ್ಸಿನವರಿಗೆ ಅರ್ಧ ಗಂಟೆಯ ಕೆಲಸ.

ಹೊಲಿಗೆ ಯಂತ್ರಕ್ಕೆ ಆತುರ ಬೇಡ. ತುಳಿಯುವ ಯಂತ್ರಕ್ಕೆ ಮಗುವಿನ ಕಾಲು ಎಟುಕಬೇಕು, ವಿದ್ಯುತ್ ಮೋಟರಿನ ವೇಗ ಹಿಡಿತಕ್ಕೆ ಸಿಗುವುದಿಲ್ಲ. ಮನೆಯಲ್ಲಿ ಕೈಯಿಂದ ಚಕ್ರ ತಿರುಗಿಸುವ ಹಳೆಯ ಯಂತ್ರವಿದ್ದರೆ, ಒಂಬತ್ತು-ಹತ್ತರ ಹರೆಯದಲ್ಲಿ ಹಿರಿಯರೊಬ್ಬರು ಚಕ್ರ ತಿರುಗಿಸುತ್ತ ಮಗು ಬಟ್ಟೆ ನಡೆಸಬಹುದು. ಮೊದಲ ದಿನ ದಾರವಿಲ್ಲದ ಸೂಜಿಯಲ್ಲಿ ಗೆರೆ ಎಳೆದ ಹಳೆಯ ನೋಟ್‌ಪುಸ್ತಕದ ಹಾಳೆಯನ್ನು ಹಾಯಿಸಿದರೆ, ರಂಧ್ರಗಳು ಗೆರೆಯ ಮೇಲೆ ಬಿದ್ದಿವೆಯೇ ಎಂದು ಮಗುವೇ ನೋಡಿಕೊಳ್ಳುತ್ತದೆ. ಕಾಗದ ಹಾಯ್ದ ಸೂಜಿ ಮೊಂಡಾಗುವುದರಿಂದ ಬಟ್ಟೆಗೆ ಬೇರೆ ಸೂಜಿ ಹಾಕಬೇಕು.