ಗಂಟಲಿಗೆ ಅರಿಷಿಣ ಹತ್ತಿದ ಗುಬ್ಬಿ

ಹ್ವಾದ ದೀಪಾವಳಿ ಸೂಟಿಯೊಳಗ ಮೈಸೂರಿಗೆ ಹೋದಾಗ ರಂಗನತಿಟ್ಟಿಗೂ ಹೋಗಿದ್ವಿ. ದೋಣ್ಯಾಗ ಕೂತ ನನ್ನ ಮಗಾ ಒಂದ ಸಮನ "ಅದೇನವ್ವಾ? ಇದೇನವ್ವಾ?" ಅಂತ ಕೇಳ್ಲಿಕತ್ತಿದ್ದ. "ಹಕ್ಕಿ. ಸುಮ್ನ ಕೂಡ್ರು, ಫೋಟೋ ತೆಗೀತೇನಿ" ಅಂದೆ. ಸುಮ್ಮನಾದ. ವಾಪಸ್ ಬರೂ ತನಕಾ ಮತ್ತೊಂದು ಮಾತು ಕೇಳ್ಲಿಲ್ಲ. ಅದು ನನ್ನ ಮನಸ್ಸಿನ್ಯಾಗ ಉಳದದ.

ಆ ಜಾಗಾ ಪಕ್ಷಿಧಾಮ ಆಗಿದ್ದು 1940ರಾಗ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಿದ್ದ ಸಲೀಂ ಅಲಿಯವರು ಹೇಳಿದ್ದಕ್ಕ ಸರಕಾರ ಅದನ್ನ ಕಾಯ್ದಿಟ್ಟಿತು. ಆದ್ರ ಈ ಸಲೀಂ ಅಲಿ ಅನ್ನೂ ಹುಡುಗಗ ಹಕ್ಕಿ ಹುಚ್ಚು ಹತ್ತಿಸಿದ್ದು ಯಾವ ಅಡವೀನೂ ಅಲ್ಲ. ಹುಟ್ಟಿದ್ದು 1896ರಾಗ, ಮುಂಬೈಯೊಳಗ. ಸಣ್ಣಾವಿದ್ದಾಗನ ತಂದಿ-ತಾಯಿ ಇಬ್ಬರೂ ತೀರಿಕೊಂಡ್ರು. ಬೆಳಸಿದಾಂವ ಸ್ವಾದರಮಾವ ಅಮೀರುದ್ದೀನ್ ತ್ಯಾಬ್ಜಿ, ಖೇತವಾಡಿಯ ಗಿಜಿಗಿಜಿ ಮಂದಿ ನಡುವಿನ ಮನ್ಯಾಗ.

ಹುಡುಗನ ಕೈಯಾಗ ಛರ್ರಾ ಬಂದೂಕಿತ್ತು. (ಈಗ ನಾವು ಕೊಡೂದಿಲ್ಲ, ಕೊಡಬಾರದೂ. ಆ ಕಾಲನ ಬ್ಯಾರೆ.) ಹೊಡೆದ ಗುಬ್ಬಿ ಸೀದಾ ಅಡಿಗಿಮನಿಗೆ ಹೋಗೂವು. 1908ರ ಸುಮಾರಿಗೆ ಒಂದು ಗುಬ್ಬಿ ಬಿತ್ತು, ನೋಡಿದ್ರ ಗಂಟಲಿಗೆ ಅರಿಷಿಣ ಹತ್ತಿದಂಗ ಹಳದಿ ಕಲೆ. ಇದನ್ನ ತಿನ್ನಬಹುದೋ ಇಲ್ಲೋ ಅಂತ ಮಾವನ ಮುಂದ ಒಯ್ದಿಟ್ಟ. ಮಾವಗ ಅದು ಏನಂತ ಗೊತ್ತಾಗ್ಲಿಲ್ಲ. "ಯಾವುದೋ ಗುಬ್ಬಿ, ಬಿಸಾಕು" ಅಂದಿದ್ರ ಅಲ್ಲಿಗೇ ಮುಗೀತಿತ್ತು. ತಾನು ಸದಸ್ಯ ಆಗಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಒಂದು ಚೀಟಿ ಬರದು, ಹುಡುಗನ್ನ ಹಕ್ಕಿ ಸಮೇತ ಕಳಿಸಿದ.

ಹುಡುಗ ಅಂಜಿಕೋತನ ಹ್ವಾದ. ಅಲ್ಲಿದ್ದ ಕಾರ್ಯದರ್ಶಿ ಮಿಲ್ಲರ್ಡ್ ಇಂಗ್ಲೀಷಿನವ, ದೊಡ್ಡ ಮನಿಷಾ. ಬೈಲಿಲ್ಲ, ಕಾಯಿಸಲೂ ಇಲ್ಲ. ಇದು ಹಳದಿ ಗಂಟಲಿನ ಗುಬ್ಬಿ ಅಂತ ಹೇಳಿ, ಒಣಗಿಸಿಟ್ಟ ಹಕ್ಕಿಗಳ ಕಪಾಟು ಒಂದೊಂದಾಗಿ ತಗದು ತೋರಿಸಿದ. ಓದ್ಲಿಕ್ಕೆ ಪುಸ್ತಕಾನೂ ಕೊಟ್ಟ. ಹಕ್ಕಿ ಚರ್ಮ ಬಿಡಿಸಿ ತುಂಬಿಡೂದು, ಟಿಪ್ಪಣಿ ಬರಿಯೂದು, ಎಲ್ಲಾ ಅಲ್ಲೇ ಕಲಿತ. ಮುಂದ ಮುದುಕ ಆದ ಮ್ಯಾಲೆ 1985ರಾಗ ಬರೆದ ಆತ್ಮಕಥೆಯ ಹೆಸರಿನ್ಯಾಗೂ ಆ ಗುಬ್ಬಿ ಬಿದ್ದಿದ್ದ ಸುದ್ದಿನ ಅದ.

ನಿನ್ನೆ ಮುಂಜಾನೆ ನಮ್ಮ ಹಿತ್ತಲದ ಪ್ಯಾರಲಗಿಡದ ಮ್ಯಾಲೆ ಏನೋ ಹಸರಂದು ಕೂತಿತ್ತು. "ಅದೇನವ್ವಾ?" ಅಂದ. ಅಂತೂ ಮತ್ತ ಕೇಳಿದ್ನಲ್ಲಾ! ನನಗೂ ಗೊತ್ತಿರ್ಲಿಲ್ಲ. ಓಣಿಯ ಕಡೀ ಮನಿ ಮಾಸ್ತರರು ಹಕ್ಕಿ ಬಲ್ಲವರು. ಒಲಿ ಸಣ್ಣ ಮಾಡಿ ಅವರಿಗೊಂದು ಚೀಟಿ ಬರದೆ.

"ಚೀಟಿ ಯಾಕ? ಫೋನ್ ಮಾಡು" ಅಂದ.

"ಫೋನ್ ಮಾಡಿದ್ರ ನೀ ಮನ್ಯಾಗ ಕೂಡ್ತಿ, ಹೋಗು" ಅಂದೆ. ಹನ್ನೊಂದಾದ್ರೂ ಬರ್ಲಿಲ್ಲ. ಅವಲಕ್ಕಿ ಆರಿಹೋತು.