ಹೊಸ ತಳಿ ಬರೋದು ಎಲ್ಲಿಂದ? ಕುಂಬಾರಕೊಪ್ಪಲಿನ ಕುಂಡಗಳಿಗೆ ಒಂದಿಷ್ಟು ಇತಿಹಾಸ

ಮುಂಗಾರು ಹತ್ರ ಬಂತು ಅಂದ್ರೆ ಸಾಕು, ಮನೆಮುಂದೆ, ತಾರಸಿ ಮೇಲೆ ಗಿಡ ಬೆಳೆಯೋರಿಂದ ಒಂದೇ ಪ್ರಶ್ನೆ. "ಈ ಸಲ ಹೊಸ ತಳಿ ಏನ್ ಬಂದಿದೆ? ಏನ್ ಹಾಕೋಣ?" ಮೈಸೂರಿನ ಕುಂಬಾರಕೊಪ್ಪಲಿಗೆ ನಾನು ಸೊಪ್ಪು, ತರಕಾರಿ ಕೊಡೋಕೆ ಹೋಗ್ತಿರ್ತೀನಿ. ಅಲ್ಲಿನ ಕೆಲವು ಮನೆಯವರು ನನ್ನ ಗಿರಾಕಿಗಳೂ ಹೌದು, ನನ್ನ ಹಾಗೇ ಬೆಳೆಗಾರರೂ ಹೌದು. ಅವರದ್ದು ಎರಡು ಎಕರೆ ಬದಲು ಇಪ್ಪತ್ತು ಕುಂಡ, ಅಷ್ಟೇ ವ್ಯತ್ಯಾಸ. ಅವರಿಗೆ ಪಟ್ಟಿ ಕೊಡೋದು ಸುಲಭ. ಆದರೆ ಹೊಸ ತಳಿ ಅಂದ್ರೆ ಏನು, ಅದು ಹೊಸದು ಹೇಗಾಯ್ತು, ಎಷ್ಟು ದಿನ ಹೊಸದಾಗಿರುತ್ತೆ ಅನ್ನೋದನ್ನ ಹೇಳದೆ ಬರೀ ಪಟ್ಟಿ ಕೊಟ್ಟರೆ ಉಪಯೋಗ ಇಲ್ಲ. ಅದಕ್ಕೇ ಇವತ್ತು ಸ್ವಲ್ಪ ಉದ್ದ ಬರೀತಿದೀನಿ.

ಮೊದಲು ಜಾಗದ ವಿಷಯ. ಕೊಪ್ಪಲು ಅಂದ್ರೆ ನಮ್ಮ ಸೀಮೆಯಲ್ಲಿ ಪುಟ್ಟ ಹಳ್ಳಿ, ನಾಲ್ಕಾರು ಮನೆಗಳ ಗುಂಪು. ಮಡಕೆ ಮಾಡೋರ ಕೊಪ್ಪಲು ಕುಂಬಾರಕೊಪ್ಪಲು. ಹೆಸರಲ್ಲೇ ಮಣ್ಣಿದೆ. ಪಕ್ಕದಲ್ಲಿ ಮೇಟಗಳ್ಳಿ, ಹೆಬ್ಬಾಳು, ಮಂಚೇಗೌಡನಕೊಪ್ಪಲು. ಎಲ್ಲ ಹಳ್ಳಿ ಹೆಸರುಗಳೇ. 1903ರಲ್ಲಿ ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಆಮೇಲೆ ಊರು ಬೆಳೀತಾ ಬೆಳೀತಾ ಸುತ್ತಲ ಹಳ್ಳಿಗಳು ಒಂದೊಂದಾಗಿ ಬಡಾವಣೆ ಆದವು. ಹಳ್ಳಿ ಬಡಾವಣೆ ಆದಾಗ ಮೊದಲು ಹೋಗೋದು ಹೊಲ. ಆಮೇಲೆ ಹೋಗೋದು ಹಿತ್ತಿಲು. ಹಿತ್ತಿಲು ಹೋದಾಗ ಜೊತೆಗೆ ಹೋಗೋದು ಬೀಜ. ಅದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ಯಾಕಂದ್ರೆ ಹಿತ್ತಿಲೇ ಆಗ ಬೀಜದ ಅಂಗಡಿ. ಚಪ್ಪರದ ಮೇಲೆ ಒಂದೆರಡು ಹೀರೆಕಾಯಿ, ಗಿಡದಲ್ಲಿ ನಾಲ್ಕು ಬದನೆ ಕೀಳದೆ ಬೀಜಕ್ಕೆ ಅಂತ ಬಿಡೋರು. ತೊಗರಿ, ಅವರೆ ಬೀಜಕ್ಕೆ ಕೆಮ್ಮಣ್ಣು ಕಟ್ಟಿ ಒಣಗಿಸೋರು. ಬೂದಿ ಬೆರೆಸಿ ಮಡಕೆಗೆ ತುಂಬಿ ಬಾಯಿ ಮುಚ್ಚಿ ಇಡೋರು. ಅಂದ್ರೆ ಕುಂಬಾರನ ಮಡಕೆ ಅನ್ನ ಬೇಯಿಸೋಕೆ ಮಾತ್ರ ಅಲ್ಲ, ಮುಂದಿನ ವರ್ಷದ ಅನ್ನ ಕಾಯೋಕೂ ಬೇಕಿತ್ತು.

ಹಾಗಂತ ಹಳೇದೆಲ್ಲ ಇಲ್ಲೇ ಹುಟ್ಟಿದ್ದು, ಹೊಸದೆಲ್ಲ ಹೊರಗಿಂದು ಅಂತ ತಿಳ್ಕೋಬೇಡಿ. ನಮ್ಮ ಸಾರಿನ ಪಾತ್ರೆಯೊಳಗೆ ನೋಡಿ. ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ, ಹುರುಳಿಕಾಯಿ, ಕುಂಬಳ ಎಲ್ಲ ಅಮೆರಿಕ ಖಂಡದ ಮೂಲದವು. ಬೆಂಡೆ ಆಫ್ರಿಕಾ ಕಡೆಯದು ಅಂತಾರೆ. ಅವರೆ ಮೂಲವೂ ಆಫ್ರಿಕಾವೇ. ಆದರೆ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಪುರಾತತ್ವದವರು ಅಗೆದಾಗ ಮೂರೂವರೆ ಸಾವಿರ ವರ್ಷಕ್ಕೂ ಹಿಂದಿನ ಅವರೆಕಾಳು ಸಿಕ್ಕಿದೆ. ಅಷ್ಟು ವರ್ಷ ಇಲ್ಲಿದ್ದ ಮೇಲೆ ಅದನ್ನ ಯಾರು ಹೊರಗಿನದು ಅಂತಾರೆ? ಬದನೆ ಮಾತ್ರ ನಮ್ಮ ಉಪಖಂಡದ್ದೇ.

ಹೊರಗಿಂದ ಬಂದದ್ದಕ್ಕೆ ನಮ್ಮ ಜನ 'ಸೀಮೆ' ಅಂತ ಸೇರಿಸಿ ಕರೆದರು. ಸೀಮೆಹಸು, ಸೀಮೆಎಣ್ಣೆ, ಸೀಮೆಸುಣ್ಣ. ಹಾಗೇ ಸೀಮೆಬದನೆ. ಇದರ ಕಥೆ ಚೆನ್ನಾಗಿದೆ. ಮೂಲ ಮೆಕ್ಸಿಕೋ ಕಡೆಯದು. 1874ರಿಂದ 1908ರವರೆಗೆ ಲಾಲ್‌ಬಾಗ್ ನೋಡಿಕೊಂಡ ಜಾನ್ ಕ್ಯಾಮರನ್ ಕಾಲದಲ್ಲಿ ಇಂಥ ಎಷ್ಟೋ ತರಕಾರಿ, ಹಣ್ಣಿನ ಗಿಡಗಳನ್ನ ಹೊರಗಿಂದ ತರಿಸಿ ನೆಟ್ಟು ನೋಡಿ ರೈತರಿಗೆ ಹಂಚಿದರು. ಸೀಮೆಬದನೆ ಬೆಂಗಳೂರಿಗೆ ಎಷ್ಟು ಒಗ್ಗಿತು ಅಂದ್ರೆ, ತಮಿಳರು ಅದನ್ನ 'ಬೆಂಗಳೂರು ಕತ್ತರಿಕಾಯಿ' ಅಂತ ಕರೆದರು, ತೆಲುಗಿನವರು 'ಬೆಂಗಳೂರು ವಂಕಾಯ' ಅಂದರು. ನಮಗೆ ಪರದೇಶಿ, ಪಕ್ಕದ ಮನೆಯವರಿಗೆ ನಮ್ಮೂರಿಂದ ಬಂದದ್ದು!

ಲಾಲ್‌ಬಾಗ್ ಅನ್ನೋದೇ ಶುರುವಿಂದ ಹೊಸ ಗಿಡಗಳ ಪ್ರಯೋಗದ ಜಾಗ. ಹೈದರಾಲಿ 1760ರಲ್ಲಿ ಶುರು ಮಾಡಿದ, ಟಿಪ್ಪು ದೂರದೂರದ ದೇಶಗಳಿಂದ ಬೀಜ, ಸಸಿ ತರಿಸಿದ. ಕ್ಯಾಮರನ್ ಆದಮೇಲೆ 1908ರಲ್ಲಿ ಜರ್ಮನಿಯ ಕೃಂಬಿಗಲ್ ಬಂದರು. ನಮ್ಮ ಕೆಆರ್‌ಎಸ್ ಬೃಂದಾವನದ ವಿನ್ಯಾಸ ಅವರದೇ. ಕುಂಬಾರಕೊಪ್ಪಲಿನ ಪಕ್ಕದ ರಸ್ತೆ ಹಿಡಿದರೆ ಸೀದಾ ಅಲ್ಲಿಗೇ ಹೋಗುತ್ತೆ. ಆಮೇಲೆ ಎಚ್.ಸಿ. ಜವರಾಯ, ಅವರ ನಂತರದ ತಲೆಮಾರಿನಲ್ಲಿ ಎಂ.ಎಚ್. ಮರಿಗೌಡರು. ಮರಿಗೌಡರ ಕಾಲದಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆಯೇ ಆಯ್ತು, ಊರೂರಿಗೆ ತೋಟಗಾರಿಕೆ ಫಾರಂ, ನರ್ಸರಿ ಬಂತು. ಅರಮನೆ ತೋಟದ ವಿದ್ಯೆ ರೈತನ ಹೊಲಕ್ಕೆ ಇಳಿದದ್ದು ಹೀಗೆ.

ಇಷ್ಟು ದಿನ 'ಹೊಸದು' ಅಂದ್ರೆ ಬೇರೆ ಊರಿಂದ ತಂದದ್ದು ಅಂತ ಅರ್ಥ ಇತ್ತು. ಆಮೇಲೆ ಅರ್ಥ ಬದಲಾಯ್ತು. ಹೊಸದು ಅಂದ್ರೆ ಇಲ್ಲೇ ಕ್ರಾಸ್ ಮಾಡಿ ಹುಟ್ಟಿಸಿದ್ದು. ಇದಕ್ಕೆ ನಮ್ಮ ಸೀಮೆಯ ಅತ್ಯುತ್ತಮ ಉದಾಹರಣೆ ಅವರೆ.

ಊರ ಅವರೆಯ ಗುಣ ನೋಡಿ. ಜೂನಲ್ಲಿ ಬಿತ್ತಿ, ಆಗಸ್ಟಲ್ಲಿ ಬಿತ್ತಿ, ಹೂ ಬರೋದು ಹಗಲು ಚಿಕ್ಕದಾಗಿ ರಾತ್ರಿ ಉದ್ದ ಆದಾಗಲೇ. ಬೇಗ ಬಿತ್ತಿದರೆ ಬರೀ ಬಳ್ಳಿ ಹಬ್ಬುತ್ತೆ, ಕಾಯಿ ಬೇಗ ಬರಲ್ಲ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈ ಸೀಮೆ ಸುತ್ತಿದ ಬುಕಾನನ್ ಅನ್ನೋ ಇಂಗ್ಲಿಷರ ವೈದ್ಯ ರಾಗಿ ಹೊಲದ ನಡುವೆ ಅವರೆ, ತೊಗರಿ ಸಾಲು ಹಾಕ್ತಿದ್ದನ್ನ ಬರೆದಿಟ್ಟಿದ್ದಾನೆ. ರಾಗಿ ಕೊಯ್ದ ಮೇಲೆ ಜಾಗ, ಬಿಸಿಲು ಎರಡೂ ಅವರೆಗೆ. ಅದು ಚಳಿಗಾಲದಲ್ಲಿ ಹೂ ಬಿಡೋದು ರೈತನಿಗೆ ಅನುಕೂಲವೇ ಆಗಿತ್ತು.

ಆದರೆ ಪೇಟೆಗೆ ವರ್ಷವಿಡೀ ಅವರೆ ಬೇಕು ಅಂದಾಗ ಇದೇ ಗುಣ ತೊಂದರೆ ಆಯ್ತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದದ ಹಂಗಿಲ್ಲದ ಗಿಡ್ಡ ಅವರೆ ಮಾಡಿದರು. ಅದೇ ಹೆಬ್ಬಾಳ ಅವರೆ ಸರಣಿ, ಎಚ್‌ಎ-3, ಎಚ್‌ಎ-4 ಇತ್ಯಾದಿ. (ಕುಂಬಾರಕೊಪ್ಪಲಿನೋರು ಇದು ನಮ್ಮ ಪಕ್ಕದ ಹೆಬ್ಬಾಳದ್ದು ಅಂದ್ಕೋತಾರೆ. ಅಲ್ಲ, ಬೆಂಗಳೂರಿನ ಹೆಬ್ಬಾಳ!) ಮೊಣಕಾಲೆತ್ತರದ ಗಿಡ, ಚಪ್ಪರ ಬೇಡ, ಯಾವ ತಿಂಗಳು ಬಿತ್ತಿದರೂ ಎರಡೂವರೆ ಮೂರು ತಿಂಗಳಲ್ಲಿ ಕಾಯಿ. ಕುಂಡಕ್ಕೆ ಇದಕ್ಕಿಂತ ಹೇಳಿ ಮಾಡಿಸಿದ ಅವರೆ ಇಲ್ಲ.

ಕಳ್ಕೊಂಡಿದ್ದೇನು? ಸೊಗಡು. ಚಳಿಗೆ, ಮಂಜಿಗೆ ಬಲಿತ ಊರ ಅವರೆ ಸಿಪ್ಪೆ ಮೇಲೆ ಕೈಗೆ ಅಂಟೋ ಎಣ್ಣೆಯಂಥ ಪಸೆ ಇರುತ್ತಲ್ಲ, ಆ ವಾಸನೆ ಬೇಸಿಗೆಯ ಅವರೆಯಲ್ಲಿ ಅಷ್ಟಿಲ್ಲ ಅಂತ ತಿನ್ನೋರೆಲ್ಲ ಹೇಳ್ತಾರೆ, ನಾನೂ ಹೇಳ್ತೀನಿ. ಎಚ್‌ಎ-4 ಮಾಡೋವಾಗ ವಿಜ್ಞಾನಿಗಳು ಮಾಗಡಿಯ ಊರ ತಳಿಯನ್ನೇ ಒಂದು ಕಡೆಯ ಪೋಷಕರಾಗಿ ಬಳಸಿದ್ದಾರೆ. ಈ ಮಾತನ್ನ ಗಮನಿಸಿ. ಮಾಗಡಿಯಲ್ಲಿ ಯಾರೋ ರೈತರು ತಲೆತಲಾಂತರ ಆ ಬೀಜ ಉಳಿಸಿಕೊಂಡಿದ್ದಕ್ಕೆ ಹೊಸ ತಳಿ ಸಾಧ್ಯ ಆಯ್ತು. ಹೊಸದಕ್ಕೆ ಹಳೇದೇ ತಾಯಿಬೇರು.

ಇನ್ನೊಂದು ಕಥೆ ಬೆಂಡೆದು. ಬೆಂಡೆಗೆ ಹಳದಿ ನರದ ನಂಜು ರೋಗ ಬರುತ್ತೆ, ಬಿಳಿನೊಣ ಹರಡುತ್ತೆ, ಎಲೆ ನರಗಳೆಲ್ಲ ಹಳದಿಯಾಗಿ ಕಾಯಿ ಬಿಳಿಚಿಕೊಳ್ಳುತ್ತೆ. 1950ರ ದಶಕದಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಹರಭಜನ್ ಸಿಂಗ್ ಅವರು ಪೂಸಾ ಸಾವನಿ ಅನ್ನೋ ತಳಿ ಮಾಡಿದರು. ರೋಗ ತಡೀತಿತ್ತು, ದೇಶದ ತುಂಬ ಹರಡಿತು. ಕೆಲವು ವರ್ಷದಲ್ಲಿ ಆ ತಡೆಯೋ ಶಕ್ತಿ ಕುಸಿಯಿತು. ಆಮೇಲೆ ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಂಡೆಯ ಕಾಡು ನೆಂಟನ ಜೊತೆ ಕ್ರಾಸ್ ಮಾಡಿ ಅರ್ಕಾ ಅನಾಮಿಕ ತಂದರು. ಅದೂ ದಶಕಗಟ್ಟಲೆ ಚೆನ್ನಾಗಿ ನಡೀತು, ಈಗ ಹಲವು ಕಡೆ ಅದಕ್ಕೂ ರೋಗ ಬರುತ್ತೆ. ನಂಜು ಸುಮ್ಮನೆ ಕೂರಲ್ಲ, ಅದೂ ಬದಲಾಗ್ತಾ ಇರುತ್ತೆ. ಹೊಸ ತಳಿ ಅನ್ನೋದು ಗೆದ್ದ ಯುದ್ಧ ಅಲ್ಲ, ಸಿಕ್ಕ ಸಮಯ.

ಟೊಮ್ಯಾಟೊ ವಿಷಯದಲ್ಲಿ ಕರ್ನಾಟಕಕ್ಕೆ ದೊಡ್ಡ ಪಾತ್ರ ಇದೆ. 1973ರಲ್ಲಿ ಬೆಂಗಳೂರಿನ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್‌ನ ಮನಮೋಹನ ಅತ್ತಾವರ ಅವರು 'ಕರ್ನಾಟಕ' ಅನ್ನೋ ಹೈಬ್ರಿಡ್ ಟೊಮ್ಯಾಟೊ, 'ಭಾರತ್' ಅನ್ನೋ ದಪ್ಪಮೆಣಸಿನಕಾಯಿ ಬಿಟ್ಟರು. ನಮ್ಮ ದೇಶದಲ್ಲಿ ತರಕಾರಿ ಹೈಬ್ರಿಡ್ ವ್ಯಾಪಾರ ಶುರುವಾಗಿದ್ದೇ ಅಲ್ಲಿಂದ. ಹೆಸರಘಟ್ಟದ ಅರ್ಕಾ ರಕ್ಷಕ್ ಈಚಿನದು. ಎಲೆ ಮುಟುರು ನಂಜು, ದುಂಡಾಣು ಸೊರಗು, ಮೊದಲ ಅಂಗಮಾರಿ ಮೂರನ್ನೂ ತಡೆಯೋ ಹೈಬ್ರಿಡ್. ಅದಾದ ಮೇಲಿನ ಅರ್ಕಾ ಅಭೇದ್ ಕೊನೆಯ ಅಂಗಮಾರಿಯನ್ನೂ ತಡೆಯುತ್ತೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡ್ಕೊಳ್ಳಿ. ಹೈಬ್ರಿಡ್, ಅಂದ್ರೆ ಪ್ಯಾಕೆಟ್ ಮೇಲೆ ಎಫ್-1 ಅಂತ ಬರೆದಿರೋದು, ಎರಡು ಬೇರೆ ತಳಿಗಳ ಮೊದಲ ತಲೆಮಾರಿನ ಮಗು. ಗಿಡಗಳೆಲ್ಲ ಒಂದೇ ಸಮ ಬರ್ತವೆ, ಇಳುವರಿ ಜೋರು. ಅದರ ಹಣ್ಣಿನಿಂದ ಬೀಜ ತೆಗೆದು ಹಾಕಿದರೆ ಮೊಳೆಯೋದೇನೋ ಮೊಳೆಯುತ್ತೆ, ಆದರೆ ಒಂದೊಂದು ಗಿಡ ಒಂದೊಂದು ಥರ. ಒಂದು ಅಜ್ಜನ ಹಾಗೆ, ಒಂದು ಅಜ್ಜಿ ಹಾಗೆ. ಅದೇ ಅರ್ಕಾ ವಿಕಾಸ್, ಎಚ್‌ಎ-4, ಅರ್ಕಾ ಅನಾಮಿಕ ಇವು ಹೈಬ್ರಿಡ್ ಅಲ್ಲ. ಜಾಗ್ರತೆಯಿಂದ ಬೀಜ ತೆಗೆದರೆ ಮುಂದಿನ ವರ್ಷವೂ ಅದೇ ಬರುತ್ತೆ.

ಕಾನೂನೂ ಇದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ. ಹೊಸ ತಳಿ ಅಂತ ನೋಂದಾಯಿಸಬೇಕಾದರೆ ಅದು ನಿಜವಾಗ್ಲೂ ಹೊಸದಿರಬೇಕು, ಬೇರೆಯದಕ್ಕಿಂತ ಭಿನ್ನ ಇರಬೇಕು, ಗಿಡಗಳೆಲ್ಲ ಒಂದೇ ಥರ ಇರಬೇಕು, ತಲೆಮಾರು ಕಳೆದರೂ ಗುಣ ಕೆಡಬಾರದು. ಹಾಗೆ ನೋಂದಾಯಿಸಿದ ತಳಿಯ ಬೀಜವನ್ನೂ ರೈತ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಬ್ರ್ಯಾಂಡ್ ಹೆಸರು ಹಾಕಿ ಮಾರೋ ಹಾಗಿಲ್ಲ ಅಷ್ಟೇ. ರೈತರು ಕಾಪಾಡಿದ ತಳಿಯನ್ನ ರೈತರ ಹೆಸರಲ್ಲೇ ನೋಂದಾಯಿಸೋ ಅವಕಾಶವೂ ಇದೆ.

ಇದು ಯಾಕೆ ಮುಖ್ಯ ಅಂದ್ರೆ ಬದನೆ ಕಥೆ ಕೇಳಿ. ಕುಲಾಂತರಿ ಬಿಟಿ ಬದನೆ ಮಾಡೋಕೆ ಹೊರಟಾಗ ಆ ವಂಶವಾಹಿ ಸೇರಿಸಿದ್ದು ಎಲ್ಲಿಗೆ? ಮಲಾಪುರದ್ದು, ಕುಡಚಿಯದ್ದು, ಉಡುಪಿಯದ್ದು, ಹೀಗೆ ನಮ್ಮದೇ ಊರ ತಳಿಗಳಿಗೆ. ದೇಶದ ತುಂಬ ಚರ್ಚೆ ಆಗಿ 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದನ್ನ ತಡೆಹಿಡಿಯಿತು. ಅದರ ಮರುವರ್ಷ, 2011ರಲ್ಲಿ, ಉಡುಪಿಯ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಿ ಸಿಕ್ಕಿತು. ಸಿಕ್ಕಿದ್ದು ಯಾಕೆ? ಮಟ್ಟು ಊರಿನವರು ಇನ್ನೂ ಅದನ್ನ ಬೆಳೀತಿದ್ದರು. ನಮ್ಮ ಮೈಸೂರಿಗೂ ನಂಜನಗೂಡು ರಸಬಾಳೆ, ಮೈಸೂರು ವೀಳ್ಯದೆಲೆ, ಮೈಸೂರು ಮಲ್ಲಿಗೆ ಇವಕ್ಕೆಲ್ಲ ಆ ಮಾನ್ಯತೆ ಇದೆ. ಆದರೆ ಮಾನ್ಯತೆ ಸಿಕ್ಕ ಮಾತ್ರಕ್ಕೆ ಗಿಡ ಉಳಿಯಲ್ಲ. ರಸಬಾಳೆ ಸೊರಗು ರೋಗಕ್ಕೆ ಸಿಕ್ಕಿ ಎಷ್ಟು ಕಮ್ಮಿ ಆಗಿದೆ ಅಂತ ನಂಜನಗೂಡಿನ ಸಂತೆಗೆ ಹೋದವರಿಗೆಲ್ಲ ಗೊತ್ತು. ಇನ್ನು ನಮ್ಮ ಈರನಗೆರೆ ಬದನೆ. ಮೈಸೂರಿನ ಒಂದು ಬಡಾವಣೆ ಹೆಸರು ಹೊತ್ತ ಹಸಿರು ಬದನೆ. ಈರನಗೆರೆಯಲ್ಲಿ ಈಗ ಮನೆಗಳಿವೆ. ಹೆಸರು ಬಾಯಲ್ಲಿ ಉಳಿದಿದೆ, ಬೀಜ ಯಾರ ಮನೆಯಲ್ಲಿ ಉಳಿದಿದೆ ಅಂತ ಹುಡುಕಬೇಕು.

ಅದಕ್ಕೇ ಕುಂಬಾರಕೊಪ್ಪಲಿನ ತಾರಸಿಗಳನ್ನ ನಾನು ಹಗುರವಾಗಿ ನೋಡಲ್ಲ. ಹಿತ್ತಿಲು ಹೋಗಿ ತಾರಸಿ ಬಂದಿದೆ. ಮೊದಲು ಹಿತ್ತಿಲು ಮಾಡ್ತಿದ್ದ ಕೆಲಸವನ್ನ ತಾರಸಿ ಮಾಡಬಹುದು. ಒಂದೊಂದು ಮನೆ ಒಂದೊಂದು ತಳಿ ಹಿಡಿದರೆ ಒಂದು ಬೀದಿಗೆ ಇಪ್ಪತ್ತು ತಳಿ ಉಳಿಯುತ್ತೆ. ನಾನು ಎರಡು ಎಕರೆಯಲ್ಲಿ ಅಷ್ಟು ತಳಿ ಬೇರೆ ಬೇರೆ ಇಡೋಕೆ ಆಗಲ್ಲ.

ಹಾಗಾದ್ರೆ ಈ ಸಲ ಏನ್ ಹಾಕೋದು? ನನ್ನ ಲೆಕ್ಕ ಇಷ್ಟು. ಅರ್ಧ ಕುಂಡ ಹೊಸದಕ್ಕೆ, ಅರ್ಧ ಹಳೇದಕ್ಕೆ.

ಹೊಸದರಲ್ಲಿ ಎಚ್‌ಎ-4 ಅವರೆ. ಒಂದು ದೊಡ್ಡ ಕುಂಡಕ್ಕೆ ಎರಡು ಗಿಡ. ಟೊಮ್ಯಾಟೊ ಗಿಡ ಪ್ರತಿ ವರ್ಷ ಮುಟುರು ಬಂದು ಹೋಗ್ತಿದ್ದರೆ ಅರ್ಕಾ ರಕ್ಷಕ್, ಆದರೆ ಬೀಜ ಉಳಿಸೋ ಆಸೆ ಬೇಡ. ಸೊಪ್ಪಿಗೆ ಅರ್ಕಾ ಸುಗುಣ ದಂಟು, ಕೊಯ್ದಷ್ಟೂ ಚಿಗುರುತ್ತೆ. ಕೆಂಪು ಬೇಕಾದರೆ ಅರ್ಕಾ ಅರುಣಿಮ. ಇವನ್ನೆಲ್ಲ ಹೆಸರಘಟ್ಟದವರು ಆನ್‌ಲೈನ್‌ನಲ್ಲೂ ಮಾರ್ತಾರೆ.

ಹಳೇದರಲ್ಲಿ ನಿಮ್ಮ ಊರಿನ, ನಿಮ್ಮ ತಾಯಿಮನೆಯ ಯಾವುದಾದರೂ ಒಂದು ಬದನೆ, ಒಂದು ಚಪ್ಪರದ ಅವರೆ. ಚಪ್ಪರದ ಅವರೆ ಹಾಕೋರು ಒಂದು ನೋಡ್ಕೊಳ್ಳಿ. ಬೀದಿದೀಪದ ಬೆಳಕು ರಾತ್ರಿಯೆಲ್ಲ ಬೀಳೋ ಮೂಲೆಯಲ್ಲಿ ಇಡಬೇಡಿ. ಅದಕ್ಕೆ ಉದ್ದನೆ ಕತ್ತಲು ಬೇಕು, ಬೆಳಕಿದ್ದರೆ ರಾತ್ರಿ ಆಯ್ತು ಅಂತಲೇ ಗೊತ್ತಾಗದೆ ಹೂ ತಡ ಆಗಬಹುದು.

ಬೀಜ ತೆಗೆಯೋದು ಕಷ್ಟ ಅಲ್ಲ. ಅವರೆ, ಟೊಮ್ಯಾಟೊ ಹೆಚ್ಚಾಗಿ ತಮ್ಮಷ್ಟಕ್ಕೆ ತಾವೇ ಪರಾಗ ಕಟ್ಕೋತವೆ. ಬದನೆ, ಬೆಂಡೆಗೆ ಜೇನು ಬಂದು ಸ್ವಲ್ಪ ಬೆರಕೆ ಮಾಡುತ್ತೆ. ಅದಕ್ಕೆ ಹೂ ಅರಳೋ ಮುಂಚೆ ಮೊಗ್ಗಿಗೆ ತೆಳು ಬಟ್ಟೆ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ ದಾರ ಕಟ್ಟಿ ಗುರುತು ಮಾಡಿ. ಬದನೆ ಪೂರ್ತಿ ಹಳದಿ ಆಗೋವರೆಗೂ ಬಿಡಿ. ಟೊಮ್ಯಾಟೊ ಬೀಜ ಒಂದೆರಡು ದಿನ ನೀರಲ್ಲಿ ಕೊಳೆಸಿ ತೊಳೆದು ನೆರಳಲ್ಲಿ ಒಣಗಿಸಿ. ಚೆನ್ನಾಗಿ ಬೆಳೆದ, ರೋಗ ಇಲ್ಲದ ಗಿಡವನ್ನೇ ಬೀಜಕ್ಕೆ ಬಿಡಿ, ಎಲ್ಲ ತಿಂದು ಉಳಿದದ್ದನ್ನ ಅಲ್ಲ. ತಳಿ ಅಭಿವೃದ್ಧಿ ಅಂದ್ರೆ ಇದೇ. ನಮ್ಮ ಅಜ್ಜಿಯರು ಮಾಡ್ತಿದ್ದದ್ದೂ ಇದೇ, ಅದಕ್ಕೊಂದು ಹೆಸರು ಇರಲಿಲ್ಲ ಅಷ್ಟೇ.

ಒಣಗಿದ ಬೀಜಕ್ಕೆ ಚೂರು ಬೂದಿ ಸೇರಿಸಿ, ತಳಿ ಹೆಸರು, ಎಲ್ಲಿಂದ ಬಂತು, ಯಾವ ವರ್ಷ ಅಂತ ಚೀಟಿ ಬರೆದು ಒಳಗೆ ಹಾಕಿ. ಇಡೋದಕ್ಕೆ ಪ್ಲಾಸ್ಟಿಕ್ ಡಬ್ಬಿಯೂ ನಡೆಯುತ್ತೆ. ಆದರೆ ಕುಂಬಾರಕೊಪ್ಪಲಿನೋರು ನೀವು, ಒಂದು ಮಡಕೆ ತಗೊಳ್ಳಿ ಸ್ವಾಮಿ.